ವೀರಗಲ್ಲೂ ಬರಿದಾದ ಸಮಾಧಿಯೂ: ಹೆಬ್ಬಾಳದಿಂದ ಪುನರುತ್ಥಾನ ಹಬ್ಬದ ಕಡೆಗೆ

ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ಶಾಸನದ ಕಲ್ಲು ಬೆಳಕಿಗೆ ಬಂದಿತು. ಸುಮಾರು ಕ್ರಿ.ಶ. 750ರ ಕಾಲದ್ದೆಂದು ವಿದ್ವಾಂಸರು ಗುರುತಿಸಿರುವ ಈ ವೀರಗಲ್ಲು ಗಂಗ ದೊರೆ ಶ್ರೀಪುರುಷನ ಆಳ್ವಿಕೆಯನ್ನು ಸ್ಮರಿಸುತ್ತದೆ. ಪೆರ್ಬೊಳಲ್ನಾಡು 30 ಎಂಬ ನಾಡಿನ ಹೆಸರನ್ನು ಹೇಳುತ್ತದೆ. ರಟ್ಟವಾಡಿಯವರು ದಂಡೆತ್ತಿ ಬಂದಾಗ ಅವರೊಡನೆ ಕಾದಿ ಮಡಿದ ಕಿತ್ತಯ್ಯನನ್ನು ನೆನೆಯುತ್ತದೆ. ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದ ಹಿಂದೆ ಸತ್ತ ಒಬ್ಬ ಮನುಷ್ಯನ ಹೆಸರು ಮೇಲ್ಸೇತುವೆಗಳ ನಡುವಿನ ಈ ಬಡಾವಣೆಯಲ್ಲಿ ಮತ್ತೆ ಓದಿಗೆ ಸಿಕ್ಕಿತು. ಊರಿನವರೂ ಶಾಸನಪ್ರಿಯರೂ ಆ ಕಲ್ಲನ್ನು ಅಭಿಮಾನದಿಂದ ಕಾಪಾಡಿಕೊಂಡಿದ್ದಾರೆ.

ಅದೇ ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ, ಯಲಹಂಕಗಳ ಕ್ರೈಸ್ತ ಸಭೆಗಳು ಪ್ರತಿವರ್ಷ ಒಂದು ಭಾನುವಾರದ ನಸುಕಿನಲ್ಲಿ ಸೇರಿ ಕ್ರಿಸ್ತನು ಎದ್ದಿದ್ದಾನೆಂದು ಸಾರುತ್ತವೆ. ಅಲ್ಲಿಯೂ ಸತ್ತವನೊಬ್ಬನ ಹೆಸರಿದೆ, ಕಲ್ಲಿನ ಮಾತಿದೆ. ಆದರೆ ಹೆಬ್ಬಾಳದ ಕಲ್ಲು ನಿಲ್ಲಿಸಿದ ಕಲ್ಲು; ಸುವಾರ್ತೆಗಳ ಕಲ್ಲು ಉರುಳಿಸಲ್ಪಟ್ಟ ಕಲ್ಲು. ಈ ವ್ಯತ್ಯಾಸವನ್ನು ನಾವು ನಮ್ಮ ಬೋಧನೆಯಲ್ಲಿ ಉಳಿಸಿಕೊಂಡಿದ್ದೇವೆಯೇ, ಅಥವಾ ನಮಗೆ ಅರಿವಿಲ್ಲದೆಯೇ ಯೇಸುವಿಗೂ ಒಂದು ವೀರಗಲ್ಲನ್ನು ನೆಟ್ಟು ಅದನ್ನೇ ಪುನರುತ್ಥಾನ ಹಬ್ಬವೆಂದು ಕರೆಯುತ್ತಿದ್ದೇವೆಯೇ? ಈ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ಕೇಳಿಕೊಳ್ಳುವುದು ಈ ಲೇಖನದ ಉದ್ದೇಶ.

ಕಲ್ಲು ಹೇಳುವುದೇನು?

ಕನ್ನಡ ನಾಡಿನಷ್ಟು ವೀರಗಲ್ಲುಗಳು ದೊರೆತಿರುವ ಪ್ರದೇಶಗಳು ವಿರಳ. ದಂಡನ್ನು ತಡೆದು ಸತ್ತವನು, ತುರುಗಳನ್ನು ಬಿಡಿಸುವಾಗ ಸತ್ತವನು, ಹೆಣ್ಣಿನ ಮಾನ ಕಾಯಲು ಹೋಗಿ ಸತ್ತವನು, ಹುಲಿಯೊಡನೆ ಹೋರಿ ಸತ್ತವನು, ಇವರಿಗೆಲ್ಲ ಕಲ್ಲು ನಿಂತಿದೆ. ಬೆಂಗಳೂರು ಎಂಬ ಹೆಸರು ನಮಗೆ ತಿಳಿದಂತೆ ಮೊದಲ ಬಾರಿಗೆ ಕಾಣಿಸುವುದೂ ಬೇಗೂರಿನ ಒಂದು ವೀರಗಲ್ಲಿನಲ್ಲಿಯೇ. ಸುಮಾರು 890ರ ಆ ಶಾಸನ ಬೆಂಗಳೂರಿನ ಕಾಳಗವೊಂದರಲ್ಲಿ ಮಡಿದವನನ್ನು ನೆನೆಯುತ್ತದೆ. ಈ ನಗರದ ಹೆಸರು ಇತಿಹಾಸದೊಳಕ್ಕೆ ಬಂದದ್ದು ಒಂದು ಸಾವಿನ ನೆನಪಿನ ಜೊತೆಗೆ.

ನಂತರದ ಶತಮಾನಗಳ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ. ನಡುವಿನದರಲ್ಲಿ ದೇವಾಂಗನೆಯರು ವೀರನನ್ನು ಇಕ್ಕೆಲಗಳಲ್ಲಿ ಹಿಡಿದು ಮೇಲಕ್ಕೊಯ್ಯುವ ದೃಶ್ಯ. ಮೇಲಿನದರಲ್ಲಿ ವೀರನು ಲಿಂಗದ ಅಥವಾ ತನ್ನ ಆರಾಧ್ಯದೇವರ ಸನ್ನಿಧಿಯಲ್ಲಿರುವ ದೃಶ್ಯ; ಅದರಾಚೆಗೆ ಸೂರ್ಯಚಂದ್ರರು. ಗೆದ್ದವನಿಗೆ ಸಿರಿ, ಮಡಿದವನಿಗೆ ಸುರಾಂಗನೆ, ಕ್ಷಣಿಕವಾದ ಈ ದೇಹಕ್ಕಾಗಿ ಚಿಂತೆಯೇಕೆ ಎಂಬ ಭಾವದ ಶ್ಲೋಕ ಹಲವು ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸತ್ತವನ ಮನೆಯವರಿಗೆ ಭೂಮಿಯನ್ನು ದತ್ತಿಯಾಗಿ ಕೊಡುವ ಪದ್ಧತಿಯಿತ್ತು. ಕಲ್ನಾಡು, ನೆತ್ತರುಗೊಡಗೆ ಎಂಬ ಪದಗಳು ಅದನ್ನೇ ಸೂಚಿಸುತ್ತವೆ.

ಇದನ್ನು ನಾವು ಹಗುರವಾಗಿ ಕಾಣಬಾರದು. ಊರಿಗಾಗಿ ಸತ್ತವನನ್ನು ಊರು ಮರೆಯಬಾರದೆಂಬ ಋಣಪ್ರಜ್ಞೆ ಇಲ್ಲಿದೆ. ವಿಧವೆಗೂ ಮಕ್ಕಳಿಗೂ ಅನ್ನದ ದಾರಿಯಾಗಬೇಕೆಂಬ ನ್ಯಾಯವಿದೆ. ಸಾವು ಕೊನೆಯ ಮಾತಲ್ಲವೆಂಬ ಹಂಬಲವೂ ಇದೆ. ಆದರೆ ಈ ಕಲ್ಲು ಮಾಡುವುದು ಮೂರೇ ಕೆಲಸ: ಹೆಸರನ್ನು ಉಳಿಸುತ್ತದೆ, ದೇಹವನ್ನು ಬಿಟ್ಟುಕೊಟ್ಟ ಆತ್ಮವನ್ನು ಮೇಲಕ್ಕೆ ಕಳುಹಿಸುತ್ತದೆ, ಗೌರವಕ್ಕೆ ಯೋಗ್ಯನಾದವನನ್ನು ಆರಿಸುತ್ತದೆ. ಅಂದು ಅದೇ ಕಾಳಗದಲ್ಲಿ ಯಾರ ಕಣ್ಣಿಗೂ ಬೀಳದೆ ಸತ್ತ ಆಳಿಗೆ, ದಂಡು ಹಾದುಹೋದ ಹೊಲದಲ್ಲಿ ಹಸಿವಿನಿಂದ ಸತ್ತ ಮಗುವಿಗೆ ಕಲ್ಲಿಲ್ಲ. ಸತ್ತವನು ಸತ್ತೇ ಇರುತ್ತಾನೆ. ಲೋಕವೂ ಹಿಂದಿನಂತೆಯೇ ಇರುತ್ತದೆ.

ಇಸ್ರಾಯೇಲಿನ ಪ್ರಶ್ನೆ

ಇದೇ ಪ್ರಶ್ನೆಯನ್ನು ಇಸ್ರಾಯೇಲೂ ಎದುರಿಸಿತ್ತು. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಸಿರಿಯದ ಅರಸ ನಾಲ್ಕನೆಯ ಅಂತಿಯೋಕನು ಯೆಹೂದ್ಯರ ಧರ್ಮಶಾಸ್ತ್ರವನ್ನು ಅಳಿಸಿಹಾಕಲು ಹೊರಟಾಗ, ದೇವರಿಗೆ ನಂಬಿಗಸ್ತರಾದವರೇ ಕೊಲೆಗೀಡಾದರು. ಧರ್ಮವನ್ನು ಮೀರಿದವರು ಬದುಕಿ ಉಳಿದರು. ಹಾಗಾದರೆ ದೇವರ ನ್ಯಾಯ ಎಲ್ಲಿ? ದಾನಿಯೇಲನ ಗ್ರಂಥದ 12ನೇ ಅಧ್ಯಾಯವೂ ಮಕ್ಕಬಿಯರ ಎರಡನೆಯ ಗ್ರಂಥದ 7ನೇ ಅಧ್ಯಾಯವೂ ಈ ಬೇಗುದಿಗೆ ಉತ್ತರ ಕೊಡುತ್ತವೆ. ಆ ಉತ್ತರ ವೀರಸ್ವರ್ಗವಲ್ಲ. ಮಣ್ಣಿನಲ್ಲಿ ನಿದ್ರಿಸುವವರು ಎಚ್ಚರಗೊಳ್ಳುವರು. ಕೊಲೆಗಾರರು ಕತ್ತರಿಸಿದ ಕೈಕಾಲುಗಳನ್ನು ಸೃಷ್ಟಿಕರ್ತನೇ ಹಿಂದಿರುಗಿಸುವನು. ಅಂದರೆ ಪುನರುತ್ಥಾನದ ನಿರೀಕ್ಷೆ ಹುಟ್ಟಿದ್ದು ಆತ್ಮ ಅಮರವೋ ಅಲ್ಲವೋ ಎಂಬ ತತ್ತ್ವಜಿಜ್ಞಾಸೆಯಿಂದಲ್ಲ, ಅನ್ಯಾಯವಾಗಿ ಸತ್ತವರ ವಿಷಯದಲ್ಲಿ ದೇವರು ಸುಮ್ಮನಿರುವನೇ ಎಂಬ ಕೂಗಿನಿಂದ. ದೇಹವನ್ನು ಸೃಷ್ಟಿಸಿದವನು ದೇಹಕ್ಕಾದ ಅನ್ಯಾಯವನ್ನು ದೇಹದಲ್ಲಿಯೇ ಸರಿಪಡಿಸಬೇಕು ಎಂಬುದು ಆ ನಿರೀಕ್ಷೆಯ ತಿರುಳು.

ಯೇಸುವಿನ ಕಾಲಕ್ಕೆ ಫರಿಸಾಯರು ಇದನ್ನು ನಂಬಿದ್ದರು, ಸದ್ದುಕಾಯರು ನಂಬಿರಲಿಲ್ಲ. ನಂಬಿದವರೂ ಅದು ಯುಗಾಂತ್ಯದಲ್ಲಿ ಎಲ್ಲರಿಗೂ ಒಟ್ಟಿಗೆ ಆಗುವ ಸಂಗತಿಯೆಂದು ಭಾವಿಸಿದ್ದರು. ಒಬ್ಬನಿಗೆ ಮಾತ್ರ, ಇತಿಹಾಸದ ನಡುವೆ, ಅದೂ ಶಿಲುಬೆಯ ಮೇಲೆ ಸತ್ತವನಿಗೆ ಅದು ಆಗುವುದೆಂದು ಯಾರೂ ಎದುರುನೋಡುತ್ತಿರಲಿಲ್ಲ.

ವೀರನಲ್ಲದ ಸಾವು

ರೋಮನ್ನರ ಶಿಲುಬೆಗೂ ನಮ್ಮ ರಣರಂಗಕ್ಕೂ ಇರುವ ಅಂತರವನ್ನು ನಾವು ಗಮನಿಸಬೇಕು. ರಣದಲ್ಲಿ ಸತ್ತವನಿಗೆ ಕೀರ್ತಿ. ಶಿಲುಬೆಯಲ್ಲಿ ಸತ್ತವನಿಗೆ ಅವಮಾನ. ಗುಲಾಮರಿಗೂ ದಂಗೆಕೋರರಿಗೂ ಮೀಸಲಾಗಿದ್ದ ಆ ಶಿಕ್ಷೆಯ ಗುರಿ ಮನುಷ್ಯನನ್ನು ಕೊಲ್ಲುವುದಷ್ಟೇ ಆಗಿರಲಿಲ್ಲ, ಅವನ ಹೆಸರನ್ನೂ ಅಳಿಸುವುದಾಗಿತ್ತು. ಶವಗಳನ್ನು ಹದ್ದುನಾಯಿಗಳಿಗೆ ಬಿಡುವುದು ಸಾಮಾನ್ಯವಾಗಿತ್ತು. 1968ರಲ್ಲಿ ಯೆರೂಸಲೇಮಿನ ಉತ್ತರಕ್ಕಿರುವ ಗಿವತ್ ಹಮಿವ್ತಾರ್ ಎಂಬಲ್ಲಿ ಯೆಹೋಹಾನಾನ್ ಎಂಬವನ ಅಸ್ಥಿಪೆಟ್ಟಿಗೆ ದೊರೆಯಿತು. ಅದರಲ್ಲಿದ್ದ ಹಿಮ್ಮಡಿಯ ಮೂಳೆಯಲ್ಲಿ ಕಬ್ಬಿಣದ ಮೊಳೆ ಇನ್ನೂ ನೆಟ್ಟುಕೊಂಡಿತ್ತು. ಶಿಲುಬೆಗೇರಿಸಲ್ಪಟ್ಟ ಯೆಹೂದ್ಯನನ್ನು ಕೆಲವೊಮ್ಮೆ ಕುಟುಂಬದವರು ಹೂಳಲು ಸಾಧ್ಯವಾಗುತ್ತಿತ್ತೆಂಬುದಕ್ಕೆ ಅದು ಸಾಕ್ಷಿ. ಶಿಲುಬೆಗೇರಿದವರ ಸಂಖ್ಯೆಗೆ ಹೋಲಿಸಿದರೆ ಇಂಥ ಸಾಕ್ಷಿ ಎಷ್ಟು ವಿರಳವೆಂಬುದೂ ಅಷ್ಟೇ ಮಾತನಾಡುತ್ತದೆ.

ಪೌಲನು ಸುಮಾರು ಕ್ರಿ.ಶ. 55ರಲ್ಲಿ ಎಫೆಸದಿಂದ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯದಲ್ಲಿ ತಾನು ಇತರರಿಂದ ಹೊಂದಿದ್ದ ಒಂದು ಸಾಕ್ಷ್ಯವನ್ನು ದಾಟಿಸುತ್ತಾನೆ. ಅದರಲ್ಲಿ ನಾಲ್ಕು ಕ್ರಿಯೆಗಳಿವೆ: ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಎಬ್ಬಿಸಲ್ಪಟ್ಟನು, ಕಾಣಿಸಿಕೊಂಡನು. ಸುವಾರ್ತೆಗಳು ಬರಹಕ್ಕಿಳಿಯುವುದಕ್ಕಿಂತ ಮುಂಚಿನ ಸಾಕ್ಷ್ಯವಿದು. ಇಲ್ಲಿ ಯೇಸುವಿನ ಶೌರ್ಯದ ವರ್ಣನೆಯಿಲ್ಲ. ಆತನು ಎದ್ದನೆನ್ನುವಾಗಲೂ ಕ್ರಿಯಾಪದ ದೇವರ ಕಡೆಗೆ ಬೆರಳು ತೋರುತ್ತದೆ: ಎಬ್ಬಿಸಿದವನು ತಂದೆ. ನ್ಯಾಯಾಸ್ಥಾನವು ಅಪರಾಧಿಯೆಂದು ತೀರ್ಪಿತ್ತವನನ್ನು ದೇವರು ನೀತಿವಂತನೆಂದು ಘೋಷಿಸಿದನು. ಪಿಲಾತನ ತೀರ್ಪು ರದ್ದಾಯಿತು. ಪುನರುತ್ಥಾನವೆಂದರೆ ಮೊದಲನೆಯದಾಗಿ ದೇವರ ತೀರ್ಪು. ವೀರಗಲ್ಲು ಊರು ಕೊಡುವ ಗೌರವವಾದರೆ, ಬರಿದಾದ ಸಮಾಧಿ ಊರೆಲ್ಲ ಕೈಬಿಟ್ಟವನ ಪರವಾಗಿ ದೇವರು ಆಡಿದ ಮಾತು.

ಪೌಲನು ಕ್ರಿಸ್ತನನ್ನು ಪ್ರಥಮಫಲವೆಂದು ಕರೆದುದೂ ಇಲ್ಲಿ ಮುಖ್ಯ. ಯಲಹಂಕದ ಸುತ್ತ ರಾಗಿ ಹೊಲಗಳಿದ್ದ ದಿನಗಳನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲು ಮಾಗಿದ ತೆನೆ ಉಳಿದ ತೆನೆಗಳಿಗಿಂತ ಬೇರೆ ಜಾತಿಯದಲ್ಲ. ಹೊಲವೆಲ್ಲ ಮಾಗುವುದೆಂಬುದಕ್ಕೆ ಅದು ಗುರುತು. ವೀರನ ಸ್ವರ್ಗ ವೀರನಿಗೆ ಮಾತ್ರ. ಪ್ರಥಮಫಲದ ಹಿಂದೆ ಇಡೀ ಹೊಲವಿದೆ.

ಮಾಸ್ತಿಗಲ್ಲೂ ಮಗ್ದಲದ ಮರಿಯಳೂ

ವೀರಗಲ್ಲುಗಳ ಜೊತೆಯಲ್ಲಿಯೇ ನಮ್ಮ ನಾಡಿನಲ್ಲಿ ಮಾಸ್ತಿಗಲ್ಲುಗಳಿವೆ. ಬಳೆ ತೊಟ್ಟು ಮೇಲೆತ್ತಿದ ಕೈ, ಕೆಲವೆಡೆ ಹಿಡಿದ ನಿಂಬೆಹಣ್ಣು: ಗಂಡನ ಚಿತೆಯೇರಿದ ಹೆಣ್ಣಿನ ಗುರುತುಗಳು. ಕಲ್ಲಿನ ಇತಿಹಾಸದಲ್ಲಿ ಸಾಮಾನ್ಯ ಹೆಣ್ಣಿಗೆ ಸ್ಥಾನ ಸಿಗುತ್ತಿದ್ದುದು ಬಹುಮಟ್ಟಿಗೆ ಸತ್ತವನೊಡನೆ ಸತ್ತಾಗ.

ಪುನರುತ್ಥಾನದ ಬೆಳಗಿನಲ್ಲಿ ನಡೆದುದು ಇದಕ್ಕೆ ವಿರುದ್ಧವಾದುದು. ನಾಲ್ಕು ಸುವಾರ್ತೆಗಳೂ ಸಮಾಧಿಯ ಬಳಿ ಮೊದಲು ಬಂದವರು ಹೆಂಗಸರೆಂದು ಒಪ್ಪುತ್ತವೆ. ನಾಲ್ಕರಲ್ಲಿಯೂ ಮಗ್ದಲದ ಮರಿಯಳ ಹೆಸರಿದೆ. ಅವರು ಬಂದದ್ದು ಸತ್ತವನಿಗೆ ಸಲ್ಲಬೇಕಾದ ಕೊನೆಯ ಸೇವೆಗಾಗಿ. ಅವರಿಗೆ ಸಿಕ್ಕಿದ್ದು ಬದುಕಿರುವವನ ಸುದ್ದಿಯನ್ನು ಹೇಳುವ ಕೆಲಸ. ಅಂದಿನ ಸಮಾಜ ಹೆಂಗಸರ ಸಾಕ್ಷ್ಯಕ್ಕೆ ಹೆಚ್ಚು ಬೆಲೆ ಕೊಡುತ್ತಿರಲಿಲ್ಲ. ಅವರ ಮಾತು ಅಪೊಸ್ತಲರಿಗೇ ಹುರುಳಿಲ್ಲದ್ದಾಗಿ ಕಂಡಿತೆಂದು ಲೂಕನು ಮರೆಮಾಚದೆ ಬರೆಯುತ್ತಾನೆ. ಕಥೆಯನ್ನು ಕಟ್ಟುವವರು ಇಂಥ ಸಾಕ್ಷಿಗಳನ್ನು ಆರಿಸಿಕೊಳ್ಳುತ್ತಿರಲಿಲ್ಲವೆಂದು ಚರಿತ್ರಕಾರರು ಹೇಳುವುದುಂಟು. ನಾವು ಇನ್ನೂ ಒಂದು ಮಾತು ಸೇರಿಸಬಹುದು. ಮರಿಯಳು ತನ್ನ ಗುರುವಿನೊಡನೆ ಸತ್ತು ಹೆಸರಾದವಳಲ್ಲ. ಅವನು ಬದುಕಿದ್ದಾನೆಂದು ಹೇಳಿ ಹೆಸರಾದವಳು. ಪುನರುತ್ಥಾನ ಹಬ್ಬವನ್ನು ಆಚರಿಸುವ ಸಭೆ ಹೆಂಗಸರ ಸಾಕ್ಷ್ಯವನ್ನು ಬಲಿಪೀಠದಿಂದಲೂ ಪ್ರಸಂಗಪೀಠದಿಂದಲೂ ದೂರವಿಡುವುದಾದರೆ, ಅದು ಆ ಬೆಳಗಿನ ಮೊದಲ ಸಂಗತಿಯನ್ನೇ ಮರೆತಂತೆ.

ಸಭೆಯು ತನ್ನ ವೀರರನ್ನು ನೆನೆದ ಬಗೆ

ಆದಿಸಭೆಗೂ ವೀರರಿದ್ದರು. ಸ್ಮುರ್ನದ ಸಭಾಧ್ಯಕ್ಷ ಪೊಲಿಕಾರ್ಪನು 2ನೇ ಶತಮಾನದ ಮಧ್ಯದಲ್ಲಿ ರಕ್ತಸಾಕ್ಷಿಯಾದಾಗ ಅವನ ಜನರು ಎಲುಬುಗಳನ್ನು ಹೆಕ್ಕಿ ತಕ್ಕ ಸ್ಥಳದಲ್ಲಿಟ್ಟರು. ವರ್ಷವರ್ಷವೂ ಆ ದಿನದಲ್ಲಿ ಅಲ್ಲಿ ಕೂಡಲು ನಿಶ್ಚಯಿಸಿದರು. ಆ ವೃತ್ತಾಂತವನ್ನು ಬರೆದ ಸ್ಮುರ್ನದ ಸಭೆ ಒಂದು ಭೇದವನ್ನು ಸ್ಪಷ್ಟವಾಗಿ ಹೇಳುತ್ತದೆ: ರಕ್ತಸಾಕ್ಷಿಗಳು ಪ್ರೀತಿಗೆ ಪಾತ್ರರು, ಕ್ರಿಸ್ತನು ಆರಾಧನೆಗೆ ಪಾತ್ರನು. ವೀರನ ನೆನಪು ಒಂದು, ಎದ್ದ ಪ್ರಭುವಿನ ಸನ್ನಿಧಿ ಇನ್ನೊಂದು. ಯೇಸುವಿನ ಎಲುಬುಗಳನ್ನು ಕಾಪಾಡಿದ್ದೇವೆಂದು ಯಾವ ಸಭೆಯೂ ಎಂದೂ ಹೇಳಿಕೊಳ್ಳಲಿಲ್ಲ. ಕಾನ್‌ಸ್ಟಂಟೀನನ ಕಾಲದಲ್ಲಿ, 335ರಲ್ಲಿ, ಯೆರೂಸಲೇಮಿನ ಸಮಾಧಿಯ ಸ್ಥಳದಲ್ಲಿ ದೇವಾಲಯದ ಪ್ರತಿಷ್ಠೆಯಾಯಿತು. ಪಶ್ಚಿಮದವರು ಅದನ್ನು ಪವಿತ್ರ ಸಮಾಧಿಯ ದೇವಾಲಯವೆನ್ನುತ್ತಾರೆ. ಗ್ರೀಕ್ ಕ್ರೈಸ್ತರು ಅದನ್ನು ಕರೆಯುವುದು ಅನಾಸ್ತಾಸಿಸ್, ಅಂದರೆ ಪುನರುತ್ಥಾನವೆಂದು.

ಇದೇ ಪೊಲಿಕಾರ್ಪನು ತನ್ನ ವೃದ್ಧಾಪ್ಯದಲ್ಲಿ ರೋಮಿಗೆ ಹೋಗಿ ಅಲ್ಲಿನ ಸಭಾಧ್ಯಕ್ಷ ಅನಿಸೇತನೊಡನೆ ಪಾಸ್ಕದ ದಿನದ ಕುರಿತು ಮಾತನಾಡಿದನು. ಏಷ್ಯದ ಸಭೆಗಳು ಯೆಹೂದ್ಯರ ನೀಸಾನ್ ತಿಂಗಳ 14ನೇ ದಿನವನ್ನೇ ಆಚರಿಸುತ್ತಿದ್ದವು, ರೋಮಿನವರು ಭಾನುವಾರವನ್ನು. ಇಬ್ಬರೂ ಒಪ್ಪಲಿಲ್ಲ, ಆದರೂ ಒಟ್ಟಿಗೆ ಪ್ರಭುಭೋಜನದಲ್ಲಿ ಪಾಲುಗೊಂಡು ಸಮಾಧಾನದಿಂದ ಬೀಳ್ಕೊಂಡರು. 325ರ ನೈಸಿಯ ಮಹಾಸಭೆಯ ಕಾಲದಲ್ಲಿ ಎಲ್ಲ ಸಭೆಗಳೂ ಒಂದೇ ಭಾನುವಾರ ಆಚರಿಸಬೇಕೆಂಬ ನಿರ್ಣಯವಾಯಿತು. ಮುಂದೆ ಪಂಚಾಂಗಗಳು ಬೇರೆಯಾದುದರಿಂದ ಪೂರ್ವ ಪಶ್ಚಿಮಗಳ ಹಬ್ಬಗಳೂ ಬೇರೆಯಾದವು. ಆ ನಿರ್ಣಯದ 1700ನೇ ವರ್ಷವಾದ 2025ರಲ್ಲಿ ಎರಡೂ ಏಪ್ರಿಲ್ 20ರಂದೇ ಬಂದವು. ದಿನದ ಬಗ್ಗೆ ಇಷ್ಟು ವಾದ ನಡೆಯಲು ಕಾರಣವಿದೆ. ವೀರನು ಸತ್ತ ತಿಥಿಯನ್ನು ಆಚರಿಸಿದರೆ ಸಾಕಾಗಿದ್ದರೆ ಭಾನುವಾರದ ಪಟ್ಟು ಬೇಕಿರಲಿಲ್ಲ. ವಾರದ ಮೊದಲ ದಿನ, ಸೃಷ್ಟಿ ಆರಂಭವಾದ ದಿನ, ಹೊಸ ಸೃಷ್ಟಿಯ ದಿನವೆಂಬ ಅರಿವು ಆ ಪಟ್ಟಿನ ಹಿಂದಿತ್ತು.

ಪದದೊಳಗಿನ ಇತಿಹಾಸ

ಈಸ್ಟರ್ ಎಂಬ ಹೆಸರಿನಿಂದಾಗಿ ಈ ಹಬ್ಬ ಅನ್ಯದೇವತೆಯದೆಂದು ಹೇಳುವವರಿದ್ದಾರೆ. ಆ ಮಾತಿನ ಮೂಲ ಇಂಗ್ಲೆಂಡಿನ ಸನ್ಯಾಸಿ ಬೀಡನು 725ರಲ್ಲಿ ಕಾಲಗಣನೆಯನ್ನು ಕುರಿತು ಬರೆದ ಗ್ರಂಥ. ಆಂಗ್ಲರ ಒಂದು ತಿಂಗಳಿಗೆ ಈಯೋಸ್ತ್ರೆ ಎಂಬ ದೇವತೆಯಿಂದ ಹೆಸರು ಬಂದಿತ್ತೆಂದೂ ಆ ತಿಂಗಳ ಹೆಸರೇ ಹಬ್ಬಕ್ಕೆ ಅಂಟಿಕೊಂಡಿತೆಂದೂ ಅವನು ಹೇಳುತ್ತಾನೆ. ಅದು ನಿಜವಾದರೂ ಅದು ಇಂಗ್ಲಿಷ್ ಪದದ ಚರಿತ್ರೆ, ಹಬ್ಬದ ಚರಿತ್ರೆಯಲ್ಲ. ಬೀಡನಿಗಿಂತ ಐದುನೂರು ವರ್ಷಗಳಿಗೂ ಮೊದಲೇ ಸಾರ್ದಿಸಿನ ಮೆಲಿತೋನನು ಪಾಸ್ಕದ ಕುರಿತು ಗ್ರೀಕಿನಲ್ಲಿ ಪ್ರಸಂಗ ಬರೆದಿದ್ದನು. ಗ್ರೀಕ್, ಲತೀನ್, ಸಿರಿಯಕ್ ಸಭೆಗಳಿಗೆ ಇದು ಎಂದಿಗೂ ಪಾಸ್ಕವೇ. ನಮ್ಮ ಕಥೋಲಿಕ ಸಹೋದರರು ಇಂದೂ ಪಾಸ್ಕ ಎನ್ನುವಾಗ ಐಗುಪ್ತದಿಂದ ಬಿಡುಗಡೆಯಾದ ಗುಲಾಮರ ನೆನಪು ಆ ಪದದಲ್ಲಿ ಉಳಿದಿರುತ್ತದೆ.

ನಮಗೆ ಹೆಚ್ಚು ಯೋಚನೆ ಬೇಕಾದುದು ಪುನರುತ್ಥಾನವೆಂಬ ಪದದ ಬಗ್ಗೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಇವರ ದುಡಿಮೆಯಿಂದ 1830ರ ದಶಕದ ಆರಂಭದಲ್ಲಿ ಇಡೀ ಸತ್ಯವೇದ ಕನ್ನಡಕ್ಕೆ ಬಂದಿತು. ಅದರ ಪರಿಷ್ಕರಣೆಯಲ್ಲಿ ಮುಂದೆ ದುಡಿದವರಲ್ಲಿ 1837ರಿಂದ 1887ರವರೆಗೆ ಬೆಂಗಳೂರಿನಲ್ಲಿ ಸೇವೆ ಮಾಡಿದ ಬೆಂಜಮಿನ್ ರೈಸ್ ಒಬ್ಬರು. ಅವರ ಮಗ ಬಿ.ಎಲ್. ರೈಸ್ ಇದೇ ನಗರದಲ್ಲಿ 1837ರಲ್ಲಿ ಹುಟ್ಟಿ, ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ನಮ್ಮ ಸಾವಿರಾರು ಶಾಸನಗಳನ್ನೂ ವೀರಗಲ್ಲುಗಳನ್ನೂ ಓದಿ ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ 1905ರದು. ತಂದೆ ಬರಿದಾದ ಸಮಾಧಿಯ ವಾರ್ತೆಗೆ ಕನ್ನಡ ಮಾತು ಹುಡುಕಿದರು, ಮಗ ವೀರಗಲ್ಲಿನ ಕನ್ನಡವನ್ನು ಓದಿದರು. ಈ ಲೇಖನದ ಎರಡು ಕಲ್ಲುಗಳೂ ಒಂದೇ ಮನೆಯಲ್ಲಿ ಅಭ್ಯಾಸದ ವಸ್ತುಗಳಾಗಿದ್ದವು.

ಪುನರುತ್ಥಾನ ಎಂಬುದರಲ್ಲಿ ಉತ್ಥಾನವಿದೆ: ಏಳುವುದು. ಕಾರ್ತಿಕದ ಉತ್ಥಾನ ದ್ವಾದಶಿಯನ್ನು ಬಲ್ಲ ಕನ್ನಡಿಗನಿಗೆ ಅದು ನಿದ್ರೆಯಿಂದೇಳುವುದನ್ನು ನೆನಪಿಸುತ್ತದೆ. ಗ್ರೀಕ್ ಪದದಲ್ಲಿಯೂ ಇರುವುದು ಎದ್ದು ನಿಲ್ಲುವ ಅರ್ಥವೇ. ಆದ್ದರಿಂದ ಪದದ ಆಯ್ಕೆ ಚೆನ್ನಾಗಿದೆ. ಆದರೆ ಪುನರ್ ಎಂಬ ಉಪಸರ್ಗ ಕೇಳುಗನನ್ನು ಬೇಗ ಪುನರ್ಜನ್ಮದ ಕಡೆಗೆ ಒಯ್ಯುತ್ತದೆ. ನಮ್ಮ ಸಭೆಗಳಲ್ಲಿಯೇ ಈ ಎರಡು ಪದಗಳನ್ನು ಒಂದೆಂದು ತಿಳಿದವರಿದ್ದಾರೆ. ಪುನರ್ಜನ್ಮದಲ್ಲಿ ಜೀವವು ಹಳೆಯ ದೇಹವನ್ನು ಬಿಟ್ಟು ಬೇರೊಂದನ್ನು ತಾಳುತ್ತದೆ. ಅದರಿಂದ ಬಿಡುಗಡೆ ಹೊಂದುವುದೇ ಗುರಿ. ಲಾಜರನು ಎದ್ದದ್ದು ಇದೇ ಬಾಳಿಗೆ. ಅವನು ಮತ್ತೆ ಸತ್ತನು. ಕ್ರಿಸ್ತನ ಪುನರುತ್ಥಾನ ಇವೆರಡೂ ಅಲ್ಲ. ಹೂಣಲ್ಪಟ್ಟ ಅದೇ ದೇಹ, ಮೊಳೆಯ ಗಾಯಗಳನ್ನು ಉಳಿಸಿಕೊಂಡೇ, ಸಾವಿನ ಕೈಗೆ ಎಂದೂ ಸಿಗದ ಮಹಿಮೆಗೆ ಮಾರ್ಪಟ್ಟಿತು. ತೋಮನಿಗೆ ತೋರಿಸಿದ್ದು ಗಾಯವನ್ನು. ಗಲಿಲಾಯದ ದಡದಲ್ಲಿ ಶಿಷ್ಯರಿಗೆ ಕೊಟ್ಟದ್ದು ರೊಟ್ಟಿಯನ್ನೂ ಮೀನನ್ನೂ. ದೇಹವನ್ನು ಕಳಚಿಹಾಕಿ ಪಾರಾದ ಆತ್ಮದ ಕಥೆಯಲ್ಲ ಇದು.

ನಾವು ನೆಟ್ಟ ವೀರಗಲ್ಲು

ಈಗ ನಮ್ಮ ಆಚರಣೆಯ ಕಡೆಗೆ ತಿರುಗೋಣ. ಶುಭ ಶುಕ್ರವಾರ ನಮ್ಮ ದೇವಾಲಯಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಮಧ್ಯಾಹ್ನದ ಮೂರು ಗಂಟೆಗಳ ಆರಾಧನೆ, ಶಿಲುಬೆಯ ಏಳು ನುಡಿಗಳ ಧ್ಯಾನ, ಏಳು ಬೋಧಕರು. ಈ ಕ್ರಮ 17ನೇ ಶತಮಾನದ ಕೊನೆಯಲ್ಲಿ ಪೆರುವಿನ ಲಿಮಾದಲ್ಲಿ ಯೇಸುಸಭೆಯ ಗುರು ಅಲೊನ್ಸೊ ಮೆಸ್ಸಿಯಾ ಆರಂಭಿಸಿದ್ದು. ಇಂದು ಅದು ಪ್ರೊಟೆಸ್ಟಂಟ್ ಸಭೆಗಳಿಗೂ ತಮ್ಮದೇ ಆಗಿಹೋಗಿದೆ. ಅದರ ಭಕ್ತಿ ದೊಡ್ಡದು. ಆದರೆ ಅಂದು ನಾವು ಹೇಳುವುದನ್ನು ಕಿವಿಗೊಟ್ಟು ಕೇಳಿಕೊಳ್ಳಬೇಕು. ನಮಗಾಗಿ ನೋವುಂಡ ಧೀರ, ಪ್ರಾಣ ಕೊಟ್ಟ ತ್ಯಾಗಿ, ಮರೆಯಬಾರದ ಉಪಕಾರಿ. ಭಾನುವಾರದ ಪ್ರಸಂಗಕ್ಕೆ ಉಳಿಯುವುದು ಆತನು ಸ್ವರ್ಗಕ್ಕೆ ಹೋದನು, ನಾವೂ ಹೋಗುವೆವು ಎಂಬಷ್ಟು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಮೇಲಕ್ಕೊಯ್ಯುವ ದೂತರು, ಮೇಲಿನದರಲ್ಲಿ ಪರಲೋಕ. ಮೂರು ಪಟ್ಟಿಕೆಗಳೂ ತುಂಬಿದವು. ಬರಿದಾದ ಸಮಾಧಿಗೆ ಮಾತ್ರ ಅಲ್ಲಿ ಜಾಗವಿಲ್ಲ.

ಶವಸಂಸ್ಕಾರದ ಪ್ರಸಂಗಗಳಲ್ಲಿಯೂ ಇದೇ ಕಾಣುತ್ತದೆ. ಸತ್ತವರ ಸದ್ಗುಣಗಳನ್ನು ಎಣಿಸುತ್ತೇವೆ, ಅವರು ಪರಲೋಕ ಸೇರಿದರೆನ್ನುತ್ತೇವೆ. ಸತ್ತವರು ಕ್ರಿಸ್ತನೊಂದಿಗಿದ್ದಾರೆಂಬ ಸಮಾಧಾನ ಅಪೊಸ್ತಲನದೇ ಮಾತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿಗೇ ನಿಂತರೆ ವಿಶ್ವಾಸಪ್ರಮಾಣದ ದೇಹದ ಪುನರುತ್ಥಾನ ಬಾಯಿಪಾಠವಾಗಿ ಉಳಿಯುತ್ತದೆ. ಆಗ ದುಡಿದು ಸವೆದ ದೇಹದ ಬಗ್ಗೆ, ಅದಕ್ಕಾದ ಅನ್ಯಾಯದ ಬಗ್ಗೆ ನಮಗೆ ಹೇಳಲು ಏನೂ ಇರುವುದಿಲ್ಲ.

ರುದ್ರಭೂಮಿಯಲ್ಲಿ ನಸುಕು

ನಮ್ಮ ಆಚರಣೆಗಳಲ್ಲಿಯೇ ಈ ಕೊರತೆಗೆ ಮದ್ದೂ ಇದೆ. ಕರ್ನಾಟಕದ ಅನೇಕ ಪ್ರೊಟೆಸ್ಟಂಟ್ ಸಭೆಗಳು ಪುನರುತ್ಥಾನದ ನಸುಕಿನಲ್ಲಿ ಸಮಾಧಿಗಳ ನಡುವೆ ಕೂಡಿ ಹಾಡುತ್ತವೆ. ಜರ್ಮನಿಯ ಹರ್ನ್‌ಹೂಟ್‌ನಲ್ಲಿ ಮೊರೇವಿಯನ್ ಸಭೆಯ ಯುವಕರು 1732ರಲ್ಲಿ ಊರಿನ ಸಮಾಧಿಭೂಮಿಗೆ ನಸುಕಿನಲ್ಲಿ ಹೋಗಿ ಹಾಡಿದರು. ಮುಂದೆ ಮಿಷನರಿಗಳೊಂದಿಗೆ ಆ ರೂಢಿ ಹಲವು ದೇಶಗಳಿಗೆ ಹರಡಿತು. ಆರಾಧನೆಗೆ ಆ ಸ್ಥಳವನ್ನು ಆರಿಸಿಕೊಳ್ಳುವುದೇ ಒಂದು ವಿಶ್ವಾಸಪ್ರಮಾಣ. ಆದಿಸಭೆ ಹೂಳುವ ನೆಲವನ್ನು ಕೊಯ್ಮೆತೇರಿಯೋನ್, ಅಂದರೆ ಮಲಗುವ ಮನೆಯೆಂದು ಕರೆಯಿತು. ಬೆಂಗಳೂರಿನಲ್ಲಿ ಕ್ರೈಸ್ತರ ಸಮಾಧಿಭೂಮಿಗಳ ಫಲಕಗಳ ಮೇಲೂ ರುದ್ರಭೂಮಿ ಎಂಬ ಹೆಸರೇ ಕಾಣುತ್ತದೆ. ಲಯಕರ್ತನ ಹೆಸರಿನ ಆ ನೆಲದಲ್ಲಿ ನಿಂತು, ಇವರು ಮಲಗಿದ್ದಾರೆ, ಏಳುತ್ತಾರೆ ಎಂದು ಹೇಳುವುದು ಸಣ್ಣ ಮಾತಲ್ಲ. ಕಥೋಲಿಕ ಸಭೆಯಲ್ಲಿ ಪಾಸ್ಕದ ಜಾಗರಣೆ 1951ರಲ್ಲಿ ಮತ್ತೆ ರಾತ್ರಿಯ ಹೊತ್ತಿಗೆ ಬಂದು, ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸುವ ಕ್ರಮ ತನ್ನ ಅರ್ಥವನ್ನು ಮರಳಿ ಪಡೆದುದೂ ಇದೇ ದಿಕ್ಕಿನ ನವೀಕರಣ.

ಆ ಮಾತನ್ನು ನಾವು ಹೇಳಲೇಬೇಕಾದ ಕಾಲ ಈಚೆಗೆ ಬಂದು ಹೋಯಿತು. 2020ರ ಏಪ್ರಿಲ್ 12ರ ಹಬ್ಬದ ದಿನ ದೇವಾಲಯಗಳು ಮುಚ್ಚಿದ್ದವು. 2021ರ ಹಬ್ಬ ಏಪ್ರಿಲ್ 4ರಂದು ನಡೆಯಿತು. ಅದಾದ ಕೆಲವೇ ವಾರಗಳಲ್ಲಿ ಯಲಹಂಕದ ಬಳಿಯ ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತವು. ಬಂಧುಗಳು ಮುಖ ನೋಡಲಾರದೆ, ಮುಟ್ಟಲಾರದೆ ಬೀಳ್ಕೊಟ್ಟರು. 1898ರ ಪ್ಲೇಗಿನಲ್ಲಿ ಬೆಂಗಳೂರು ಕಂಡಿದ್ದ ಭಯವೇ ಮರಳಿ ಬಂದಿತು. ಆ ದಿನಗಳಲ್ಲಿ ಸತ್ತವರಿಗೆ ಯಾರೂ ವೀರಗಲ್ಲು ನೆಡಲಿಲ್ಲ. ಅವರು ಕಾದಿ ಸತ್ತವರಲ್ಲ. ಉಸಿರಿಗಾಗಿ ಕಾದು ಸತ್ತವರು. ಅವರ ಹೆಣಗಳನ್ನು ಜಾತಿಮತ ನೋಡದೆ ಹೊತ್ತು ಮಣ್ಣು ಮಾಡಿದ, ಸುಟ್ಟ ಸ್ವಯಂಸೇವಕರಲ್ಲಿ ಕ್ರೈಸ್ತರೂ ಇದ್ದರು, ಮುಸ್ಲಿಮರೂ ಹಿಂದೂಗಳೂ ಇದ್ದರು. ಅರಿಮಥಾಯದ ಯೋಸೇಫನು ಮಾಡಿದ್ದು ಇದನ್ನೇ: ಎಲ್ಲರೂ ಕೈಬಿಟ್ಟ ದೇಹಕ್ಕೆ ಮರ್ಯಾದೆ. ಪುನರುತ್ಥಾನ ನಡೆದುದು ಹಾಗೆ ಮರ್ಯಾದೆ ಹೊಂದಿದ ದೇಹಕ್ಕೆ. ಸುಟ್ಟ ದೇಹವನ್ನು ದೇವರು ಹೇಗೆ ಎಬ್ಬಿಸುವನೆಂದು ಕಳವಳಪಡುವವರಿಗೆ ರಕ್ತಸಾಕ್ಷಿಗಳ ಬೂದಿಯೇ ಉತ್ತರ. ಲಿಯೋನಿನಲ್ಲಿ 177ರಲ್ಲಿ ಹಿಂಸಕರು ಕ್ರೈಸ್ತರ ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಸುರಿದದ್ದು ಪುನರುತ್ಥಾನದ ಆಶೆಯನ್ನು ಮುರಿಯಲೆಂದೇ. ಆಶೆ ಮುರಿಯಲಿಲ್ಲ.

ದೇಹವೇ ಎಬ್ಬಿಸಲ್ಪಡುವುದಾದರೆ ದೇಹದ ಆರೈಕೆ ಸುವಾರ್ತೆಯ ಹೊರಗಿನ ಕೆಲಸವಲ್ಲ. 1973ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಬ್ಯಾಪ್ಟಿಸ್ಟ್ ಆಸ್ಪತ್ರೆ ಗುಣವಾಗದ ರೋಗಿಗಳ ನೋವುಶಮನಕ್ಕಾಗಿ ಅವರ ಮನೆಗಳಿಗೂ ಹೋಗುತ್ತದೆ. ಇನ್ನೇನು ಸಾಯುವ ದೇಹವನ್ನು ತೊಳೆದು ಒರೆಸಿ ಮಗ್ಗುಲು ಬದಲಿಸುವುದರಲ್ಲಿ ಲೋಕದ ಲೆಕ್ಕಕ್ಕೆ ಲಾಭವಿಲ್ಲ. ನಸುಕಿನಲ್ಲಿ ಸುಗಂಧದ್ರವ್ಯ ಹಿಡಿದು ಹೊರಟ ಹೆಂಗಸರ ಕೆಲಸವೂ ಅಂಥದೇ ಆಗಿತ್ತು. ಯಶವಂತಪುರದ ರೈಲು ನಿಲ್ದಾಣಕ್ಕೆ ದೂರದ ಊರುಗಳಿಂದ ಬಂದಿಳಿದು, ಮಾರುಕಟ್ಟೆಯ ಪ್ರಾಂಗಣದಲ್ಲಿ ಮೂಟೆ ಹೊತ್ತು, ವಾರಸುದಾರರಿಲ್ಲದೆ ಸಾಯುವವನ ದೇಹವೂ ಆ ಪ್ರಥಮಫಲದ ಹಿಂದಿರುವ ಹೊಲದ್ದೇ. ಅವನನ್ನು ಬದುಕಿದ್ದಾಗ ವಿಚಾರಿಸದ ಸಭೆ ಹಬ್ಬದ ದಿನ ಹಾಡುವ ಜಯಗೀತೆಗೆ ಬಲವಿರುವುದಿಲ್ಲ.

ಗುರುಮಠದ ವಿದ್ಯಾ‌ರ್ಥಿಗಳೂ ಸಭಾಪಾಲಕರೂ ಮುಂದಿನ ಹಬ್ಬದ ಪ್ರಸಂಗವನ್ನು ಬರೆಯಲು ಕುಳಿತಾಗ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು. ಈ ಪ್ರಸಂಗದಲ್ಲಿ ಕರ್ತನು ದೇವರೋ, ಅಥವಾ ಯೇಸುವಿನ ಧೈರ್ಯವೋ? ಇದರಲ್ಲಿ ಎದ್ದದ್ದು ದೇಹವೋ, ಅಥವಾ ನೆನಪು ಮಾತ್ರವೋ? ಯಾರಿಗೂ ಕಲ್ಲು ನೆಡಲಾಗದವರಿಗೆ ಇದರಲ್ಲಿ ಸುವಾರ್ತೆ ಇದೆಯೋ, ಇಲ್ಲವೋ? ಮೂರಕ್ಕೂ ನೇರವಾದ ಉತ್ತರ ದೊರೆತರೆ ಅದು ಪುನರುತ್ಥಾನ ಹಬ್ಬದ ಪ್ರಸಂಗ.

ಕಿತ್ತಯ್ಯನ ಕಲ್ಲನ್ನು ನಾವು ಗೌರವದಿಂದ ನೋಡೋಣ. ತನ್ನ ನೆರೆಹೊರೆಯವರಿಗಾಗಿ ಸತ್ತವನು ಅವನು. ಅವನ ನಾಡಿನಲ್ಲಿಯೇ ನಾವು ಬಾಳುತ್ತಿದ್ದೇವೆ. ಆದರೆ ಕಿತ್ತಯ್ಯನಿಗೂ ಅವನ ಜೊತೆ ಹೆಸರಿಲ್ಲದೆ ಸತ್ತವರಿಗೂ ಬೇಕಾದುದು ಇನ್ನೂ ಗಟ್ಟಿಯಾದ ಕಲ್ಲಲ್ಲ. ಹೆಸರು ಹಿಡಿದು ಕರೆಯುವ ಒಂದು ದನಿ ಬೇಕು. ತೋಟದಲ್ಲಿ ಅಳುತ್ತ ನಿಂತಿದ್ದ ಮರಿಯಳನ್ನು ಆ ದನಿ ಹೆಸರು ಹಿಡಿದು ಕರೆಯಿತು. ಅದು ಬದುಕಿರುವವನ ದನಿ. ಸಭೆ ಈ ಹಬ್ಬದಲ್ಲಿ ಸಾರಬೇಕಾದುದು ಅದನ್ನೇ.